ತಪ್ಪು ಕಡೆಯ ಜೇಬು

೧೪ನೇ ತಾರೀಖು, ಭಾನುವಾರ
ಅಂಗಡಿಯಲ್ಲಿ ಕೂತು

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮುದ್ದು ತಂಗಿಗೆ,

ಆಶೀರ್ವಾದ ಕಳಿಸಿದರೆ ಅದನ್ನೂ ವಾಪಸ್ ಮಾಡುವವಳು ನೀನು. ಆದ್ದರಿಂದ ಬರೀ ಪ್ರೀತಿ ಕಳಿಸುತ್ತಿದ್ದೇನೆ. ಇಟ್ಟುಕೋ.

ಲಕೋಟೆ ನೋಡಿ ನಿನಗೆ ನಗು ಬಂದಿರಬೇಕು. ಬಂದಿದ್ದರೂ ತಡೆದುಕೊಂಡಿರುತ್ತೀಯ, ಅದೂ ಗೊತ್ತು. ಅಂಟು ಹಾಕುವ ಬದಲು ಮಿಷನ್ನಿಗೆ ಕೊಟ್ಟು ಸುತ್ತಲೂ ಹೊಲಿದುಬಿಟ್ಟಿದ್ದೇನೆ. ನಾಳೆ ನಿನ್ನ ಭಾವ ವ್ಯಾನಿನಲ್ಲಿ ನಿಮ್ಮ ಫ್ಯಾಕ್ಟರಿ ಕಡೆಗೇ ಸಾಮಾನು ಇಳಿಸಲು ಬರುತ್ತಾರೆ, ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಅಂಟಾಗಿದ್ದರೆ ದಾರಿಯಲ್ಲಿ ಚಹಾದ ಹಬೆಗೆ ಹಿಡಿದು, ಬಿಡಿಸಿ ಓದಿ, ಏನೂ ಗೊತ್ತಿಲ್ಲದವರ ಹಾಗೆ ಮತ್ತೆ ಅಂಟಿಸುವ ಮನುಷ್ಯ ಅವರು. ಹೊಲಿಗೆಯಾದರೆ ಬಿಚ್ಚಬಹುದು, ವಾಪಸ್ ಹಾಕುವುದು ಅವರ ಕೈಲಾಗದ ಕೆಲಸ. ಇಷ್ಟು ವರ್ಷ ದರ್ಜಿಯ ಜೊತೆ ಸಂಸಾರ ಮಾಡಿಯೂ ಅಂಗಿಗೊಂದು ಗುಂಡಿ ಹಾಕಿಕೊಳ್ಳಲು ಬಾರದು.

ಫೋನ್ ಬಿಟ್ಟು ಪತ್ರ ಯಾಕೆ ಎಂದು ಕೇಳಬೇಡ. ಆಪರೇಷನ್ ತಾರೀಖು ಹೇಳೋದಿದ್ರೆ ಮಾತ್ರ ಫೋನ್ ಮಾಡು, ಇಲ್ಲಾಂದ್ರೆ ನನ್ ಪಾಲಿಗೆ ನೀನಿಲ್ಲ ಎಂದು ಹೇಳಿ ಫೋನ್ ಇಟ್ಟವಳು ನೀನೇ. ಅದಾಗಿ ವರ್ಷದ ಮೇಲಾಯಿತು. ಪತ್ರ ಬರೆಯಬಾರದು ಎಂದು ನೀನು ಹೇಳಲಿಲ್ಲ. ಕತ್ತರಿಸುವಾಗ ಅಷ್ಟು ಜಾಗ ಬಿಟ್ಟಿದ್ದೀಯ, ನಾನು ಅಲ್ಲಿಂದ ನುಸುಳುತ್ತಿದ್ದೇನೆ.

ಮೊದಲು ಕೆಲಸದ ಮಾತು. ಶಾಲೆಯೊಂದರ ಸಭಾಂಗಣಕ್ಕೆ ಪರದೆ ಹೊಲಿದುಕೊಡಬೇಕು. ಕಡುಗೆಂಪು ಮಖಮಲ್ಲು, ಥಾನುಗಟ್ಟಲೆ ಬಂದು ಅಂಗಡಿಯಲ್ಲಿ ಬಿದ್ದಿದೆ. ನಿನಗೆ ಗೊತ್ತಲ್ಲ ಮಖಮಲ್ಲಿನ ಸೊಕ್ಕು: ಒಂದು ಕಡೆಗೆ ಸವರಿದರೆ ಮಿನುಗುತ್ತದೆ, ಇನ್ನೊಂದು ಕಡೆಗೆ ಸವರಿದರೆ ಮಂಕಾಗುತ್ತದೆ. ಒಂದು ತುಂಡನ್ನು ತಲೆಕೆಳಗಾಗಿ ಕತ್ತರಿಸಿದರೆ ಸಾಕು, ಪರದೆ ಎರಡು ಬಣ್ಣವಾಗಿ ಊರೆಲ್ಲ ನಗುತ್ತದೆ. ನನಗೆ ಹೊಲಿಯುವುದು ಗೊತ್ತು, ಕತ್ತರಿಸುವ ಧೈರ್ಯವಿಲ್ಲ. ಅಮ್ಮ ನಮಗೆ ಸುಮ್ಮನೆ ಸೂಜಿ, ಕತ್ತರಿ ಎಂದು ಹೆಸರಿಟ್ಟಳೇ? ಈ ಗುರುವಾರ ಬಾ. ಬೆಳಿಗ್ಗೆಯೇ ಬಾ. ಒಂದು ದಿನ ರಜೆ ಹಾಕಿದರೆ ನಿಮ್ಮ ಫ್ಯಾಕ್ಟರಿಯ ಕಟಿಂಗ್ ವಿಭಾಗ ಮುಳುಗಿಹೋಗುವುದಿಲ್ಲ. ಗುರುವಾರವೇ ಬರಬೇಕು, ಶುಕ್ರವಾರ ಆಗುವುದಿಲ್ಲ.

ಇನ್ನು ಕೋಪದ ವಿಷಯ. ಅವತ್ತು ಫೋನಿನಲ್ಲಿ ನೀನು ನನಗೆ ಪೂರ್ತಿ ಮಾತಾಡಲು ಬಿಡಲಿಲ್ಲ. ಈಗ ಬಾಯಿ ಹಾಕಲು ನೀನಿಲ್ಲ, ನಾನು ಆರಾಮವಾಗಿ ಹೇಳುತ್ತೇನೆ, ಕೇಳು.

ರಕ್ತ ಬಿದ್ದಾಗ ಮೂಲವ್ಯಾಧಿ ಎಂದುಕೊಂಡು ಮುಲಾಮು ಹಚ್ಚಿಕೊಂಡು ಕೂತಿದ್ದೆ. ಡಾಕ್ಟರಮ್ಮ ಕೈಬೆರಳಿನಲ್ಲಿ ನೋಡಿ ಒಂದೇ ಸಲಕ್ಕೆ ಗಂಟು ಪತ್ತೆ ಮಾಡಿದರು. ಗುದದ್ವಾರಕ್ಕೆ ತೀರಾ ಹತ್ತಿರ ಬೆಳೆದಿದ್ದ ಕ್ಯಾನ್ಸರ್. ಮೊದಲು ರೇಡಿಯೇಷನ್ನು, ಜೊತೆಗೆ ಕೀಮೋ ಮಾತ್ರೆ, ಆಮೇಲೆ ಕೆಲವು ತಿಂಗಳು ಕೀಮೋ ಡ್ರಿಪ್ಪು, ಕೊನೆಗೆ ಆಪರೇಷನ್ ಎಂದರು. ಅಷ್ಟು ಕೆಳಗಿರುವುದರಿಂದ ಆಪರೇಷನ್ನಿನಲ್ಲಿ ದ್ವಾರವನ್ನೂ ಸೇರಿಸಿ ತೆಗೆಯಬೇಕು, ಹೊಟ್ಟೆಯ ಎಡಗಡೆ ರಂಧ್ರ ಮಾಡಿ ಮಲಕ್ಕೊಂದು ಚೀಲ ಅಂಟಿಸಬೇಕು, ಅದು ಜೀವನಪೂರ್ತಿ. ಇಷ್ಟೆಲ್ಲ ನಿನಗೆ ಗೊತ್ತು. ಆಗ ಪ್ರತಿ ಶನಿವಾರ ಬಂದು ನನ್ನ ತಲೆ ಬಾಚಿ ಹೋಗುತ್ತಿದ್ದವಳು ನೀನು.

ರೇಡಿಯೇಷನ್ನಿಗೆ ಮುಂಚೆ ಸೊಂಟದ ಮೇಲೆ ಗುರುತಿನ ಚುಕ್ಕಿ ಹಾಕಿದರು, ನಾವು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಹಾಕುವ ಹಾಗೆಯೇ. ನಮ್ಮ ಚುಕ್ಕಿ ಕೊಡವಿದರೆ ಹೋಗುತ್ತದೆ, ಇದು ಹೋಗಲಿಲ್ಲ. ಚರ್ಮ ಸುಟ್ಟು ಕೂರಲು ಆಗದೆ ನಡುವೆ ತೂತಿರುವ ದಿಂಬೊಂದನ್ನು ಹೊಲಿದುಕೊಂಡೆ. ಅಕ್ಕಪಕ್ಕದವರಿಗೆ ಜಾಗದ ಹೆಸರು ಹೇಳಲು ನಾಚಿಕೆಯಾಗಿ ಬೆನ್ನುನೋವು ಎಂದುಬಿಟ್ಟೆ. ಅಯ್ಯೋ, ಆಮೇಲೆ ಕೇಳಬೇಕೇ! ಬೀದಿಯವರೆಲ್ಲ ಒಂದೊಂದು ಎಣ್ಣೆ ಹಿಡಿದುಕೊಂಡು ಬಂದರು. ಇವತ್ತಿಗೂ ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಪಾಪ, ನಿನ್ನ ಭಾವ ಒಂದೊಂದಾಗಿ ತಮ್ಮ ಮಂಡಿಗೆ ಹಚ್ಚಿಕೊಂಡು ಖಾಲಿ ಮಾಡುತ್ತಿದ್ದಾರೆ.

ಚಿಕಿತ್ಸೆ ಮುಗಿದು ಆಪರೇಷನ್ನಿಗೆ ಕಾಯುತ್ತಿದ್ದಾಗ ನೀನು ಲಂಗಗಳ ಪೆಟ್ಟಿಗೆ ತಂದುಕೊಟ್ಟೆ. ಚೀಲ ಹೊರಗೆ ಕಾಣದಿರಲಿ, ಒಳಗೆ ಜೋಲಾಡದಿರಲಿ ಎಂದು ಪ್ರತಿ ಲಂಗಕ್ಕೂ ಒಳಗಿನಿಂದ ಒಂದು ಜೇಬು ಇಟ್ಟಿದ್ದೆ, ಮೆತ್ತನೆಯ ಬಟ್ಟೆಯದು. ಆ ಜೇಬುಗಳ ಬಗ್ಗೆ ನಾನು ನಿನಗೆ ಒಂದು ವಿಷಯ ಹೇಳಲೇ ಇಲ್ಲ. ಕತ್ತರಿಯವ್ವಾ, ಅವೆಲ್ಲವೂ ಬಲಗಡೆ ಬಂದಿವೆ. ಚೀಲ ಬರಬೇಕಿದ್ದದ್ದು ಎಡಗಡೆ. ಫ್ಯಾಕ್ಟರಿಯ ಅಭ್ಯಾಸದಲ್ಲಿ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲಿನದಕ್ಕೆ ಗುರುತು ಹಾಕಿ ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದ್ದೀಯ. ಮೇಲಿನದು ಒಳಮೈ ಮೇಲಾಗಿ ಬಿದ್ದಿದ್ದು ನಿನ್ನ ಕಣ್ಣಿಗೆ ಬಿದ್ದಿಲ್ಲ. ಒಂದು ತಪ್ಪಿ ಎಲ್ಲವೂ ತಪ್ಪಿದವು.

ಗುರುತು ಹಾಕುವುದರಲ್ಲಿ ನೀನು ತಪ್ಪಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಆಸ್ಪತ್ರೆಯಲ್ಲಿ ನನಗೆ ಧೈರ್ಯ ಹೇಳುತ್ತ, ನರ್ಸುಗಳ ಜೊತೆ ತಮಾಷೆ ಮಾಡುತ್ತ ಓಡಾಡಿದವಳು ನೀನು. ಆ ಬಲಗಡೆಯ ಜೇಬುಗಳನ್ನು ನೋಡಿದ ಮೇಲೆ ನೀನು ಎಷ್ಟು ಹೆದರಿದ್ದೀಯ ಎಂದು ನನಗೆ ಗೊತ್ತಾಯಿತು. ಬಾಗಿಲು ಹಾಕಿಕೊಂಡು ಅತ್ತೆ. ನಿನಗೆ ಹೇಳಿ ಮುಖ ಸಣ್ಣ ಮಾಡುವುದು ಬೇಡ ಎಂದು ಸುಮ್ಮನಾದೆ.

ಅದಾದ ವಾರವೇ ಆಪರೇಷನ್ನಿಗೆ ಮೊದಲಿನ ತಪಾಸಣೆ. ಡಾಕ್ಟರಮ್ಮ ಬೆರಳಿನಲ್ಲಿ ನೋಡಿದರು. ಅವರ ಕೈ ಯಾವಾಗಲೂ ಮಂಜುಗಡ್ಡೆ, ಅದು ಬೇರೆ ಮಾತು. ಮತ್ತೊಮ್ಮೆ ನೋಡಿದರು. ಕ್ಯಾಮರಾ ಕೊಳವೆ ಹಾಕಿ ಪರದೆಯ ಮೇಲೆ ನನಗೂ ತೋರಿಸಿದರು. ಗಂಟು ಇದ್ದ ಕಡೆ ಒಂದು ಬಿಳಿ ಕಲೆ, ಬಿಚ್ಚಿದ ಹೊಲಿಗೆಯ ಗುರುತು ಉಳಿಯುತ್ತದಲ್ಲ, ಅಷ್ಟೇ. ಸ್ಕ್ಯಾನ್ ಮಾಡಿಸಿದರು, ಅದರಲ್ಲೂ ಏನೂ ಇಲ್ಲ. ಔಷಧಿ, ರೇಡಿಯೇಷನ್ನಿಗೇ ಪೂರ್ತಿ ಕರಗಿಹೋಗಿದೆ, ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಮಾತ್ರ ಎಂದರು. ನಾನು ದಡ್ಡಿಯ ಹಾಗೆ, ಹಾಗಾದ್ರೆ ಆಪರೇಷನ್ ಯಾವಾಗ ಎಂದು ಕೇಳಿದೆ.

ಆಗ ಅವರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಎರಡು ದಾರಿ ಇವೆ ಎಂದರು. ಮೊದಲೇ ಅಂದುಕೊಂಡಂತೆ ಆಪರೇಷನ್ ಮಾಡಿಬಿಡುವುದು ಒಂದು. ಸದ್ಯಕ್ಕೆ ಮಾಡದೆ, ಮೂರು ಮೂರು ತಿಂಗಳಿಗೊಮ್ಮೆ ಬೆರಳು, ಕ್ಯಾಮರಾ, ಆಗಾಗ ಸ್ಕ್ಯಾನ್ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಇನ್ನೊಂದು. ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರಿಗೆ ಅದೇ ಜಾಗದಲ್ಲಿ ಮತ್ತೆ ಚಿಗುರುತ್ತದೆ, ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ. ಬೇಗ ಕಣ್ಣಿಗೆ ಬಿದ್ದರೆ ಆಗಲೂ ಸಾಮಾನ್ಯವಾಗಿ ಆಪರೇಷನ್ ಮಾಡಿ ತೆಗೆಯಬಹುದು. ಆದರೆ ಹೇಳಿದ ದಿನ ಬರಲೇಬೇಕು, ಬರದೆ ಹೋದರೆ ಇದು ಚಿಕಿತ್ಸೆಯಲ್ಲ, ಬರೀ ಜೂಜು. ಇಷ್ಟು ಹೇಳಿ, ನೀವು ತಪ್ಪಿಸ್ಕೊಳ್ಳೋ ಪೈಕಿನಾ ಎಂದು ಕೇಳಿದರು.

ನಾನು ಎದೆಯುಬ್ಬಿಸಿ, ಹೇಳಿದ ದಿನ ತಪ್ಪಿಸಿದವಳಲ್ಲ ಡಾಕ್ಟರಮ್ಮಾ, ನಾನು ದರ್ಜಿ ಎಂದೆ. ಅವರು ನಕ್ಕೂ ನಕ್ಕೂ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕೋಟೊಂದು ಯಾವುದೋ ದರ್ಜಿಯ ಹತ್ತಿರ ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ತಿಂಗಳಿಂದ ಕೂತಿದೆಯಂತೆ. ಪುಣ್ಯಕ್ಕೆ ಅದು ನಮ್ಮ ಅಂಗಡಿಯಲ್ಲ.

ಕುಣಿದುಕೊಂಡು ಮನೆಗೆ ಬಂದು ನಿನಗೆ ಫೋನ್ ಮಾಡಿದೆ. ಆಪರೇಷನ್ ಬೇಡವಂತೆ, ಕಾಯೋದಂತೆ ಎಂದೆ. ಅಷ್ಟೇ ನಾನು ಹೇಳಿದ್ದು. ಆ ಕಡೆಯಿಂದ ನೀನು ಕೂಗಿದ್ದು ಪಕ್ಕದ ಕ್ಷೌರದಂಗಡಿಯವನಿಗೂ ಕೇಳಿಸಿತು. ಅಮ್ಮನೂ ಕಾದಳು, ಅಮ್ಮ ಏನಾದಳು ಎಂದೆ ನೀನು.

ತಂಗೀ, ಅದನ್ನು ನಾನು ಮರೆತಿಲ್ಲ. ಹೊಸ ರವಿಕೆಗೆ ಅಳತೆ ತೆಗೆಯುವಾಗ ಅಮ್ಮನ ಎದೆಯ ಗಂಟು ತಾಗಿದ್ದು ನಿನ್ನ ಕೈಗೆ. ಟೇಪು ಹಿಡಿದುಕೊಂಡು ನೀನು ಕಲ್ಲಿನ ಹಾಗೆ ನಿಂತಿದ್ದು ನನ್ನ ಕಣ್ಣಲ್ಲೇ ಇದೆ. ಏನಿಲ್ಲ ಸುಮ್ನಿರೇ, ತಾನಾಗೇ ಹೋಗುತ್ತೆ ಎಂದಳು ಅಮ್ಮ. ಅಷ್ಟರಲ್ಲಾಗಲೇ ಒಂದು ವರ್ಷದಿಂದ ಶಾಲಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಗಂಟು ಸಿಕ್ಕ ಕೈ ನಿನ್ನದಾದ್ದರಿಂದ ನಿನ್ನ ಕೋಪಕ್ಕೆ ಬೆಲೆ ಇದೆ. ಆ ಕೋಪವನ್ನು ನಾನು ತಲೆಯ ಮೇಲಿಟ್ಟುಕೊಳ್ಳುತ್ತೇನೆ.

ಆದರೆ ಅಮ್ಮ ಮಾಡಿದ್ದು ಬೇರೆ, ನಾನು ಮಾಡುತ್ತಿರುವುದು ಬೇರೆ. ಅಮ್ಮ ಯಾರ ಕಣ್ಣಿಗೂ ಬೀಳದ ಹಾಗೆ ಕೂತಳು. ನನ್ನನ್ನು ಮೂರು ತಿಂಗಳಿಗೊಮ್ಮೆ ದೀಪ ಹಾಕಿ ನೋಡುತ್ತಾರೆ, ಅದೂ ಎಲ್ಲಿಂದ ನೋಡುತ್ತಾರೆ ಎಂದರೆ, ನಾಚಿಕೆ ಎನ್ನುವುದು ನನ್ನ ಮೈಬಿಟ್ಟು ಯಾವಾಗಲೋ ಓಡಿಹೋಯಿತು. ಚೀಲಕ್ಕೆ ಹೆದರಿ ಹೀಗೆ ಮಾಡಿದೆ ಎಂದೂ ತಿಳಿಯಬೇಡ. ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂರುವ ಒಬ್ಬಾಕೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಾಳೆ. ಚೀಲ ಹಾಕಿಸಿಕೊಂಡು ವರ್ಷಗಳಾಗಿವೆ, ಎಂಟು ತಾಸು ಕೂತು ಕೆಲಸ ಮಾಡುತ್ತಾಳೆ, ನನಗಿಂತ ಜೋರಾಗಿ ನಗುತ್ತಾಳೆ. ಅವಳ ಗಂಟು ಕರಗಲಿಲ್ಲ, ತೆಗೆದರು, ಅವಳು ಬದುಕಿದಳು. ನನ್ನ ಗಂಟು ಕರಗಿತು. ಇಲ್ಲದ ಗಂಟನ್ನು ತೆಗೆಯಲು ಇರುವ ಅಂಗ ಕೊಡುವುದು ಯಾಕೆ, ಇರಲಿ ನೋಡೋಣ ಎನಿಸಿತು. ನೀನಾದರೂ ಒಮ್ಮೆ ಕತ್ತರಿ ಹಾಕಿದ ಮೇಲೆ ಬಟ್ಟೆ ಮೊದಲಿನಂತಾಗುವುದಿಲ್ಲ ಎಂದು ಗಿರಾಕಿಗಳಿಗೆ ಎಷ್ಟು ಸಲ ಹೇಳಿಲ್ಲ?

ಹಾಗಂತ ಎಲ್ಲವೂ ಹೂವಿನ ಹಾಸಿಗೆಯೇನಲ್ಲ. ರೇಡಿಯೇಷನ್ ಬಿದ್ದ ಜಾಗ ಹೇಳಿದ ಮಾತು ಕೇಳುವುದಿಲ್ಲ. ಗಿರಾಕಿಯ ಸೊಂಟದ ಅಳತೆ ಅರ್ಧಕ್ಕೆ ಬಿಟ್ಟು ಒಳಗೆ ಓಡಿದ್ದೂ ಇದೆ. ವಾಪಸ್ ಬಂದಾಗ ಆ ಮಹಾನುಭಾವ ಟೇಪು ತಾನೇ ಹಿಡಿದುಕೊಂಡು ಗೊಂಬೆಯ ಹಾಗೆ ನಿಂತಿದ್ದ.

ಮೊದಲನೆಯ ತಪಾಸಣೆಗೆ ಹೋದಾಗ ಕಲೆ ಹಾಗೆಯೇ ಇದೆ, ಚೆನ್ನಾಗಿದೆ ಎಂದರು. ಎರಡನೆಯದರಲ್ಲಿ ಸ್ಕ್ಯಾನಿನ ಸುರಂಗದೊಳಗೆ ಮಲಗಿ ಅದರ ಗಡಗಡ ಸದ್ದು ಕೇಳುತ್ತ, ಇದಕ್ಕೆ ಎಣ್ಣೆ ಬಿಡದೆ ಎಷ್ಟು ದಿನವಾಯಿತೋ ಎಂದು ನಗು ಬಂತು. ನಗಬೇಡಿ, ಚಿತ್ರ ಅಲ್ಲಾಡುತ್ತೆ ಎಂದು ಗಾಜಿನಾಚೆಯ ಕೋಣೆಯಿಂದ ಬೈದರು. ಮೂರನೆಯದೂ ನಾಲ್ಕನೆಯದೂ ಚೆನ್ನಾಗಿಯೇ ಆದವು. ಹೋದ ತಿಂಗಳಿನದೂ ಆಯಿತು ಅಂದುಕೋ. ಅವತ್ತು ನಿನ್ನ ಭಾವ ಖುಷಿಯಿಂದ ಬೇಕರಿಗೆ ಹೋಗಿ ಬೆಣ್ಣೆ ಬನ್ನು ತಂದಿದ್ದರು.

ನಿನ್ನ ಲಂಗಗಳನ್ನು ದಿನಾ ಉಡುತ್ತೇನೆ. ತಪ್ಪು ಕಡೆಯ ಜೇಬಿಗೆ ಒಂದು ಸೀಳು ಬಿಟ್ಟು ಹೊರಗಿನಿಂದ ಕೈ ಹಾಕುವ ಹಾಗೆ ಮಾಡಿಕೊಂಡಿದ್ದೇನೆ. ಟೇಪು, ಸೀಮೆಸುಣ್ಣ, ಕನ್ನಡಕ, ಆಸ್ಪತ್ರೆಯ ಚೀಟಿ ಎಲ್ಲವೂ ಅದರಲ್ಲೇ. ಬಲಗೈಗೆ ಸರಿಯಾಗಿ ಸಿಗುತ್ತದೆ. ಇಷ್ಟು ಅನುಕೂಲದ ಜೇಬು ನನಗೆ ಯಾರೂ ಹೊಲಿದುಕೊಟ್ಟಿರಲಿಲ್ಲ. ರಜೆಯ ದಿನ ನೀನು ಬಂದು ಕತ್ತರಿಸುತ್ತಿದ್ದ, ಕಿಟಕಿಯ ಪಕ್ಕದ ನಿನ್ನ ಕಟಿಂಗ್ ಮೇಜು ಮಾತ್ರ ಖಾಲಿ. ಗಿರಾಕಿಗಳು ಅದರ ಮೇಲೆ ಛತ್ರಿ, ಕೈಚೀಲ ಇಟ್ಟರೆ ನನಗೆ ರೇಗುತ್ತದೆ, ತೆಗೆಯಿರಿ ಎನ್ನುತ್ತೇನೆ. ಯಾರಿಗೋ ಕಾದಿರಿಸಿದ ಜಾಗದ ಹಾಗೆ ಆಡ್ತೀರಲ್ಲಾ ಎನ್ನುತ್ತಾರೆ. ಹೌದು, ಕಾದಿರಿಸಿದ್ದೇ.

ಬಾರೇ. ನೀನಿಲ್ಲದೆ ಬೈಸಿಕೊಳ್ಳುವ ಅಭ್ಯಾಸವೇ ನನಗೆ ತಪ್ಪಿಹೋಗಿದೆ. ಗುರುವಾರ, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ. ಮಖಮಲ್ಲು ಕಾಯುತ್ತಿದೆ.

ಇಂತು ನಿನ್ನ ಬಾಯಿಗೆ ಹೆದರುವ, ನಿನ್ನನ್ನು ಬಿಟ್ಟಿರಲಾರದ ಅಕ್ಕ,
ಸೂಜಿ

ತಾ.ಕ.: ಹೊಲಿಗೆ ಹಾಕುವ ಮೊದಲು ಇನ್ನೊಂದು ಹಾಳೆ ತೆಗೆದುಕೊಂಡೆ. ಮಖಮಲ್ಲು ಬಂದಿರುವುದು ಸುಳ್ಳಲ್ಲ, ಆದರೆ ಅವಸರದ್ದಲ್ಲ, ಶಾಲೆಯವರಿಗೆ ಮುಂದಿನ ತಿಂಗಳು ಸಾಕು. ಗುರುವಾರ ಇರುವುದು ಆಸ್ಪತ್ರೆ. ಹೋದ ತಿಂಗಳಿನ ತಪಾಸಣೆಗೆ ನಾನು ಹೋಗಲಿಲ್ಲ ಕಣೇ. ಅದಕ್ಕೆ ನಾಲ್ಕೈದು ದಿನ ಮುಂಚೆ ಸ್ವಲ್ಪ ರಕ್ತ ಕಾಣಿಸಿತ್ತು. ರೇಡಿಯೇಷನ್ ಬಿದ್ದ ಜಾಗ ಸುಮ್ಮನೆಯೂ ರಕ್ತ ಬಿಡಬಹುದು, ಆದರೆ ನೀವು ಊಹೆ ಮಾಡ್ಬೇಡಿ, ನಾನು ನೋಡ್ತೀನಿ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹೊರಟೆ. ನಿನ್ನ ಭಾವ ನನ್ನನ್ನು ಮುಂದಿನ ಬಾಗಿಲಲ್ಲಿ ಇಳಿಸಿ ವ್ಯಾನು ನಿಲ್ಲಿಸಲು ಹೋದರು. ನಾನು ಜೇಬಿನೊಳಗೆ ಚೀಟಿ ಹಿಡಿದುಕೊಂಡು ಒಳಗೆ ನಡೆದು, ಹಿಂದಿನ ಬಾಗಿಲಿಂದ ಹೊರಗೆ ಬಂದು, ಗೋಡೆಗೆ ಒರಗಿ ನಿಂತುಬಿಟ್ಟೆ. ಅಮ್ಮ ಯಾಕೆ ಮುಚ್ಚಿಟ್ಟಳು ಎಂದು ಅಲ್ಲಿ ನಿಂತಾಗ ಅರ್ಥವಾಯಿತು. ಅವಳು ದಡ್ಡಿಯಾಗಿರಲಿಲ್ಲ, ಹೆದರಿದ್ದಳು. ವಾಪಸ್ ಬಂದು ಎಲ್ಲಾ ಚೆನ್ನಾಗಿದೆಯಂತೆ ಎಂದೆ. ಅವರು ಆ ಬನ್ನು ತಂದದ್ದು ಅದಕ್ಕೆ. ನನ್ನ ಪಾಲಿನದನ್ನೂ ಅವರಿಗೇ ತಿನ್ನಿಸಿದೆ. ಈ ಲಕೋಟೆಗೆ ಹೊಲಿಗೆ ಬಿದ್ದದ್ದೂ ಅದಕ್ಕೇ.

ಆಸ್ಪತ್ರೆಯಿಂದ ನರ್ಸ್ ಎರಡು ಸಲ ಫೋನ್ ಮಾಡಿದಳು. ಎರಡನೆಯ ಸಲ ಎತ್ತಿದೆ, ಗುರುವಾರ ಹನ್ನೊಂದು ಗಂಟೆಗೆ ಸಮಯ ಕೊಟ್ಟಳು. ನಿನ್ನ ಭಾವ ಒಳ್ಳೆಯವರು, ನಾನು ಹೇಳಿದ್ದನ್ನೆಲ್ಲ ನಂಬುತ್ತಾರೆ. ನನಗೆ ಬೇಕಿರುವುದು ನಂಬದವಳು. ನೀನು ಬಂದು ರೆಟ್ಟೆ ಹಿಡಿದು ಒಳಗೆ ತಳ್ಳು, ಹಿಂದಿನ ಬಾಗಿಲಲ್ಲಿ ಬೇಕಾದರೆ ಕಾವಲು ನಿಲ್ಲು. ಏನೂ ಇಲ್ಲವೆಂದರೆ ನಾನು ಮತ್ತೆ ಕಾಯುವವಳೇ, ಅದರಲ್ಲಿ ನಿನ್ನ ಮಾತು ಕೇಳುವುದಿಲ್ಲ. ಆಪರೇಷನ್ ಬೇಕು ಎಂದರೆ ಒಂದು ಮಾತೂ ಆಡದೆ ಒಪ್ಪುತ್ತೇನೆ. ನೀನು ಕೊಟ್ಟ ಲಂಗಗಳಲ್ಲಿ ಒಂದರ ಜೇಬು ಬಿಚ್ಚಿ ನಿನ್ನೆ ಎಡಗಡೆಗೆ ಹಾಕಿದ್ದೇನೆ. ಹೊಲಿಗೆ ಸೊಟ್ಟ ಬಂದಿದೆ. ಬಂದು ಬೈಯಿ.